ಉಳಿದದ್ದು ಲೆಕ್ಕಕ್ಕಿಲ್ಲ

ಜೂನ್ 3, ಮಂಗಳವಾರ

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ಸೌಟು ಹಿಡಿದವಳು ನಾನು. ಈ ವಯಸ್ಸಿನಲ್ಲಿ, ಅದೂ ಒಂದು ನಾಯಿಗೋಸ್ಕರ, ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ಆ ನಾಯಿ ಡಾಕ್ಟರಮ್ಮ. ಮುಖ ನೋಡಿದರೆ ಅವಳಿಗೆ ಹಾಲುಹಲ್ಲು ಬಿದ್ದಿದೆಯೋ ಇಲ್ಲವೋ ಅನುಮಾನ.

"ಅಜ್ಜೀ, ಅವನು ಏನು ತಿಂದರೂ ಬರೀಬೇಕು. ಒಂದು ತುಣುಕೂ ಬಿಡಬಾರದು" ಅಂದಳು.

"ನಾನು ತಿಂದದ್ದನ್ನೇ ನಾನು ಯಾವತ್ತೂ ಬರೆದಿಟ್ಟಿಲ್ಲವಮ್ಮ" ಅಂದೆ.

ನಕ್ಕಳು. ನಗುವ ಮಾತಲ್ಲ ಅದು.

ಪುಸ್ತಕದ ಮುಂದಿನ ಹಾಳೆಗಳು ಅವಳಿಗೆ. ಹಿಂದಿನಿಂದ ತಿರುಗಿಸಿ ಬರೆಯುತ್ತಿರುವ ಇದು ನನಗೆ. ಬೈಯುವುದಕ್ಕೂ ಒಂದು ಜಾಗ ಬೇಕಲ್ಲ. ಬೈಸಿಕೊಳ್ಳುತ್ತಿದ್ದವಳು ಹೋಗಿಬಿಟ್ಟಳು.

ವಿಷಯ ಇಷ್ಟೇ. ಮೇಸ್ತ್ರಿ ದಪ್ಪಗಾಗಿದ್ದಾನೆ. ಮೇಸ್ತ್ರಿ ಅಂದರೆ ನಾಯಿ. ಯಾರು ಕೆಲಸ ಮಾಡುತ್ತಿದ್ದರೂ ಎದುರಿಗೆ ಬಂದು ಕೂತು, ಕತ್ತು ಓರೆ ಮಾಡಿ, 'ಇದು ಸರಿಯಾಗಲಿಲ್ಲ' ಅನ್ನುವ ಹಾಗೆ ನೋಡುತ್ತಾನೆಂದು ತಂಗಿ ಇಟ್ಟ ಹೆಸರು. ಬಸ್ ನಿಲ್ದಾಣದಲ್ಲಿ ಅವಳು ಟಿಕೆಟ್ ಕೊಡುತ್ತಿದ್ದ ಕಿಂಡಿಯ ಕೆಳಗೆ ಸಿಕ್ಕಿದ ಮರಿ. ಟಿಕೆಟ್ ಚೀಲದಲ್ಲಿ ಹಾಕಿಕೊಂಡು ನಾವಿಬ್ಬರೂ ಇದ್ದ ಈ ಮನೆಗೆ ತಂದಿದ್ದಳು. ಅವಳು ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನಾಯಿ ನನ್ನ ಪಾಲಿಗೆ ಬಂತು.

ತಕ್ಕಡಿಯಲ್ಲಿ ಹತ್ತೊಂಬತ್ತು ಕಿಲೋ ತೋರಿಸಿತು. ಹದಿನಾಲ್ಕಿದ್ದರೆ ಸಾಕಂತೆ. ಹಿಂಗಾಲಿನ ಕೀಲು ಸವೆಯುತ್ತಿದೆಯಂತೆ. ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಕುಸಿದು ಕೂತು ನನ್ನ ಮುಖ ನೋಡುತ್ತಾನೆ. ನಾನು ಎತ್ತಿಕೊಳ್ಳಲಾರೆ. ಇಬ್ಬರೂ ಅಲ್ಲೇ ಕೂರುತ್ತೇವೆ.

ಜೊತೆಗೆ ಬಂದಿದ್ದ ತಂಗಿಯ ಮಗಳು ಡಾಕ್ಟರ ಎದುರಿಗೇ ಹೇಳಿದಳು: "ಅವನು ಅಮ್ಮನ ನಾಯಿ, ದೊಡ್ಡಮ್ಮ. ಮೆಟ್ಟಿಲ ಮೇಲೆ ನರಳೋದನ್ನ ನೋಡೋಕಾಗಲ್ಲ. ಜುಲೈ ಹದಿನೈದಕ್ಕೆ ಒಂದು ಕಿಲೋ ಇಳೀಲಿಲ್ಲ ಅಂದ್ರೆ ನಾನು ಕರ್ಕೊಂಡು ಹೋಗ್ತೀನಿ." ಅವಳ ಮನೆ ಊರಿನ ಆ ಕೊನೆಗೆ, ನೆಲಮಟ್ಟದಲ್ಲಿ. ಅಂಗಳವಿದೆ.

ಕರೆದುಕೊಂಡು ಹೋಗಲಿ. ಕೂದಲು ಗುಡಿಸುವ ಕೆಲಸ ತಪ್ಪುತ್ತದೆ.

ಬರೆದು ಓದಿದರೆ ಈ ಸಾಲು ಸುಳ್ಳು ಅಂತ ಕಾಣುತ್ತದೆ. ಇರಲಿ. ಹೊಡೆದು ಹಾಕಿದರೆ ಇಂಕು ದಂಡ.


ಜೂನ್ 4, ಬುಧವಾರ

ಚರ್ಮ ತೆಗೆದು ಬೇಯಿಸಿದ ಕೋಳಿ. ಸಿಹಿಗುಂಬಳ. ಬೀನ್ಸು. ಒಂದು ಚಮಚ ಅನ್ನ. ಉಪ್ಪಿಲ್ಲ, ಎಣ್ಣೆಯಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷವಂತೆ. ತಂಗಿಯ ಮಗಳು ತಂದಿಟ್ಟ ಪುಟ್ಟ ತಕ್ಕಡಿಯ ಮೇಲೆ ಗ್ರಾಂ ಲೆಕ್ಕದಲ್ಲಿ ತೂಗಿ ಹಾಕಿದೆ. ಬಂಗಾರ ತೂಗಿದ ಹಾಗೆ.

ಮೇಸ್ತ್ರಿ ಮೂಸಿದ. ನನ್ನನ್ನು ನೋಡಿದ. ಬೆನ್ನು ತಿರುಗಿಸಿ ಕೂತ.

ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಐನೂರು ಜನಕ್ಕೆ ಬಡಿಸಿದ ಕೈ ಇದು. ಒಬ್ಬನೂ ಬೆನ್ನು ತಿರುಗಿಸಿರಲಿಲ್ಲ.

ನನಗೆ ಹಸಿವಿರಲಿಲ್ಲ. ಚಹಾ ಕುಡಿದೆ.


ಜೂನ್ 6, ಶುಕ್ರವಾರ

ಇವತ್ತು ನಾಲ್ಕು ತುಂಡು ಕೋಳಿ ಆರಿಸಿ ತಿಂದ. ಕುಂಬಳವನ್ನು ಮೂಗಿನಿಂದ ತಳ್ಳಿ ನೆಲಕ್ಕೆ ಹಾಕಿದ. ಒರೆಸಿದೆ. ಬೈದೆ. ಕಿವಿ ಹಿಂದಕ್ಕೆ ಮಾಡಿ ಕೇಳಿಸಿಕೊಂಡ, ಅಷ್ಟೇ.

ಹಠಮಾರಿಗಳಿಗೆ ಉಣಿಸುವುದು ನನಗೆ ಹೊಸದೇನಲ್ಲ. ಅಮ್ಮ ಹೋದಾಗ ತಂಗಿ ಇನ್ನೂ ತೊದಲುತ್ತಿದ್ದಳು. ಅಪ್ಪ ಬೆಳಿಗ್ಗೆ ಸೈರನ್ನಿಗೆ ಗಿರಣಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮನೆಯಲ್ಲಿ ಉಣಿಸುವವರು ಬೇಕಿತ್ತು. ಮೇಷ್ಟ್ರು ಮನೆಗೇ ಬಂದು, "ಹುಡುಗಿ ಚುರುಕಿದಾಳೆ, ಬಿಡಿಸಬೇಡಿ" ಅಂದರು. ಅಪ್ಪ ತಲೆ ತಗ್ಗಿಸಿ ಕೂತಿದ್ದ. ನಾನೇ ಒಳಗಿನಿಂದ ಕೂಗಿ ಹೇಳಿದೆ, ಬೇಳೆ ಸೀಯುತ್ತಿದೆ, ಮಾತಾಡೋಕೆ ಪುರುಸೊತ್ತಿಲ್ಲ ಅಂತ. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು.

ತಂಗಿ ಸುಲಭಕ್ಕೆ ಉಣ್ಣುತ್ತಿರಲಿಲ್ಲ. ಬೇರೆ ತಟ್ಟೆ ಇಟ್ಟರೆ ತುಟಿ ಬಿಗಿದು ಗೋಡೆ ನೋಡುತ್ತಿದ್ದಳು. ಸಿಟ್ಟು ಬಂದು, ಬೇಡವಾದರೆ ಬಿಡು ಅಂತ ನಾನು ಒಲೆಯ ಪಕ್ಕ ನೆಲಕ್ಕೆ ಕೂತು ನನ್ನ ತಟ್ಟೆಗೆ ಕೈ ಹಾಕಿದರೆ, ಮೆಲ್ಲಗೆ ಜರುಗಿ ಬಂದು ನನ್ನ ತಟ್ಟೆಯ ಅಂಚಿನಿಂದಲೇ ತಿನ್ನುತ್ತಿದ್ದಳು. ಅದೇ ಅನ್ನ, ಅದೇ ಬೇಳೆ. "ಅಕ್ಕನ ಕಡೇದು ರುಚಿ" ಅನ್ನುತ್ತಿದ್ದಳು.

ಮುಂದೆ ಅಪ್ಪನ ಗಿರಣಿಯ ಕ್ಯಾಂಟೀನಿಗೇ ನಾನು ಕೆಲಸಕ್ಕೆ ಸೇರಿದೆ. ಸ್ಕೂಲು ಬಿಟ್ಟ ಮೇಲೆ ಅವಳು ಅಡಿಗೆಮನೆಯ ಹಿಂಬಾಗಿಲಿಗೆ ಬಂದು, ಆಲೂಗಡ್ಡೆಯ ಖಾಲಿ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಆ ಹಬೆ, ಹಂಡೆಗಳ ಸದ್ದು, ಗೋಡೆಯಾಚೆ ಮಗ್ಗಗಳ ಗಡಗಡ, ಅದರ ನಡುವೆ ಏಳೊಂದ್ಲ ಏಳು. ಅವಳ ಜೊತೆ ನನಗೂ ಹದಿನಾರರವರೆಗೆ ಮಗ್ಗಿ ಬಂತು. ಯಾರಿಗೂ ಹೇಳಿಲ್ಲ.

ಈಗ ಗಿರಣಿಯಿಲ್ಲ. ಅಲ್ಲಿ ಯಾರದೋ ಗೋದಾಮಿದೆ.

ನನಗೆ ಅಷ್ಟೇನೂ ಸೇರಲಿಲ್ಲ. ಉಳಿದದ್ದನ್ನು ಹಿಂದಿನ ಬಾಲ್ಕನಿಯ ಬೋಗುಣಿಗೆ ಬಗ್ಗಿಸಿ ಪಾತ್ರೆ ತೊಳೆದಿಟ್ಟೆ.


ಜೂನ್ 11, ಬುಧವಾರ

ನೆಲಮಹಡಿಯ ಟೈಲರಿನ ಜೊತೆ ಜಗಳವಾಯಿತು.

ಸಂಜೆ ಕೆಳಗಿಳಿದರೆ ಮೇಸ್ತ್ರಿ ಅವನ ಅಂಗಡಿಯ ಮುಂದೆ ಹೋಗಿ ಕೂರುತ್ತಾನೆ. ನನಗೆ ಅನುಮಾನ ಬಂತು. ಮನೆಯಲ್ಲಿ ಅರ್ಧ ಊಟ ಬಿಡುವ ನಾಯಿಗೆ ಹೊಟ್ಟೆ ಮಾತ್ರ ಇಳಿಯುತ್ತಿಲ್ಲವಲ್ಲ.

"ನಾಯಿಗೆ ಬಿಸ್ಕತ್ತು ಹಾಕ್ತಿದೀಯಾ?"

"ಅಯ್ಯೋ ಅಕ್ಕಾ, ನನಗೇ ಸಕ್ಕರೆ ಕಾಯಿಲೆ. ಅಂಗಡೀಲಿ ಬಿಸ್ಕತ್ತು ಕಂಡ್ರೆ ನನ್ ಹೆಂಡ್ತಿ ಇದೇ ಕತ್ತರೀಲಿ ನನ್ನ ಕತ್ತರಿಸಿ ಹಾಕ್ತಾಳೆ."

"ಮತ್ತೆ ಯಾಕೆ ಬಂದು ಕೂರ್ತಾನೆ?"

"ಕೆಲಸ ನೋಡೋಕೆ. ಮೇಸ್ತ್ರಿ ಅಲ್ವಾ."

ನಾನು ಹೊರಟವಳನ್ನು ಮತ್ತೆ ಕರೆದ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೇಳಿದ: "ಒಂದು ಮಾತು ಅಕ್ಕಾ. ಹೋದ ತಿಂಗಳು ನಾಯಿ ಕತ್ತಿನ ಪಟ್ಟಿ ಬಿಗಿ ಅಂತ ಆಚೆ ಕಡೆ ತೂತು ಹೊಡೆಸಿದ್ರಿ. ಅದೇ ದಿವಸ ನಿಮ್ಮ ಅಂಗಿ ದೊಗಲೆ ಅಂತ ಒಳಗಡೆ ಹಿಡಿಸಿದ್ರಿ. ಎರಡೂ ನಾನೇ ಮಾಡಿದ್ದು. ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಸ್ವಲ್ಪ ನೋಡ್ಕೊಳ್ಳಿ."

ಬಾಯಿ ಮುಚ್ಚಿಕೊಂಡು ಮಿಷನ್ ತುಳಿ ಅಂದೆ. ಊರಿಗೆಲ್ಲ ಅಳತೆ ಹಿಡಿದು ಹಿಡಿದು ಇವನ ಕಣ್ಣೇ ಟೇಪು ಆಗಿಬಿಟ್ಟಿದೆ.


ಜೂನ್ 17, ಮಂಗಳವಾರ

ತೂಕ ಇಳಿದಿಲ್ಲ. ಇನ್ನೂರು ಗ್ರಾಂ ಏರಿದೆ.

ಡಾಕ್ಟರಮ್ಮ ಪುಸ್ತಕ ಓದಿದಳು. ಮತ್ತೆ ಮೊದಲಿನಿಂದ ಓದಿದಳು. "ಅಜ್ಜೀ, ಇಷ್ಟೇನಾ?"

"ಇಷ್ಟೇ. ಅದರಲ್ಲೂ ಅರ್ಧ ಬಿಡ್ತಾನೆ."

"ಇಷ್ಟು ತಿಂದು ತೂಕ ಏರೋ ಹಾಗಿಲ್ಲ."

"ಹಾಗಾದರೆ ಗಾಳಿ ಕುಡಿದು ಏರಿದಾನೆ. ಅದನ್ನೂ ಬರೀಲಾ?"

ಡಾಕ್ಟರಮ್ಮ ಈ ಸಲ ನಗಲಿಲ್ಲ. ಸಂಜೆ ತಂಗಿಯ ಮಗಳು ಫೋನು ಮಾಡಿದಳು. ಸುತ್ತಿ ಬಳಸಿ ಮಾತಾಡಿ ಕೊನೆಗೆ ಕೇಳಿಯೇಬಿಟ್ಟಳು: "ದೊಡ್ಡಮ್ಮ, ಬೇಜಾರು ಮಾಡ್ಕೋಬೇಡ. ಬರೆಯೋದು ಒಂದು, ಹಾಕೋದು ಒಂದು ಆಗ್ತಿಲ್ಲ ತಾನೆ?"

ಫೋನು ಇಟ್ಟುಬಿಟ್ಟೆ. ಸಿಡುಕಿ ಅನ್ನಲಿ, ಬಾಯಿಬಡುಕಿ ಅನ್ನಲಿ. ಸುಳ್ಳಿ ಅಂತ ಈವರೆಗೆ ಯಾರೂ ಅಂದಿಲ್ಲ.

ಮೇಸ್ತ್ರಿ ಬಂದು ಪಾದದ ಮೇಲೆ ಗಲ್ಲ ಇಟ್ಟು ಮಲಗಿದ. ತಂಗಿ ಕೆಲಸದಿಂದ ಬಂದ ಮೇಲೆ ಅವಳ ಚಪ್ಪಲಿಯ ಮೇಲೆ ಹೀಗೇ ಮಲಗುತ್ತಿದ್ದ. ಭಾರ. ಕಾಲು ಜೋಮು ಹಿಡಿಯಿತು. ತೆಗೆಯಲಿಲ್ಲ.


ಜೂನ್ 22, ಭಾನುವಾರ

ತಂಗಿಯ ಮಗಳು ಹೇಳದೆ ಕೇಳದೆ ಬಂದಳು. ಇವತ್ತು ಪೂರ್ತಿ ಇಲ್ಲೇ ಇರ್ತೀನಿ ಅಂದಳು. ಕಾವಲಿಗೆ ಬಂದಿದ್ದಾಳೆ ಅಂತ ಗೊತ್ತಾಯಿತು. ಇರು, ನೋಡು, ಕಣ್ಣು ತುಂಬ ನೋಡು ಅಂದೆ. ಎಲ್ಲವನ್ನೂ ಅವಳ ಎದುರಿಗೇ ತೂಗಿ ಹಾಕಿದೆ. ಮೇಸ್ತ್ರಿ ಎಂದಿನ ಹಾಗೆ ಕುಂಬಳ ತಳ್ಳಿದ.

"ನೋಡಿದೆಯಾ?"

"ನೋಡಿದೆ."

ಮಧ್ಯಾಹ್ನ ಅಡಿಗೆಗೆ ನಿಂತೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಥೇಟು ಅವರಮ್ಮನ ಹಾಗೆ, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿಕೊಂಡು. ಅನ್ನ ಆಯಿತು, ಬೇಳೆ ಆಯಿತು, ಆಲೂಗಡ್ಡೆ ಹುರಿದೆ. ಬಡಿಸಲು ಹೋದರೆ, "ನನಗೆ ಬೇಡ ದೊಡ್ಡಮ್ಮ, ತಿಂದು ಬಂದಿದೀನಿ, ನೀನು ಊಟ ಮಾಡು" ಅಂದಳು. ಪರೀಕ್ಷೆ ನಡೆಸುವವರ ಎದುರಿಗೆ ಯಾರಿಗೆ ಗಂಟಲಲ್ಲಿ ಇಳಿಯುತ್ತದೆ. ನಿಂತುಕೊಂಡೇ ಎರಡು ತುತ್ತು ತಿಂದು ತಟ್ಟೆ ಇಟ್ಟೆ. ಪಾತ್ರೆ ಎತ್ತಿಕೊಂಡು ಹೋಗಿ ಬಾಲ್ಕನಿಯ ಬೋಗುಣಿಗೆ ಬಗ್ಗಿಸಿದೆ. ಮೇಸ್ತ್ರಿ ಬಾಲ ಅಲ್ಲಾಡಿಸುತ್ತಾ ಬಂದು ತಿನ್ನತೊಡಗಿದ.

ಅವಳು ಕೂಗಲಿಲ್ಲ. ಮೆಲ್ಲಗೆ ಕೇಳಿದಳು: "ದೊಡ್ಡಮ್ಮ, ಇದನ್ನ ಬರ್ದಿದೀಯಾ?"

"ಯಾವುದನ್ನ?"

"ಈಗ ಹಾಕಿದ್ದನ್ನ."

"ನಾನೆಲ್ಲಿ ಹಾಕಿದೆ. ಅದು ಉಳಿದದ್ದು."

ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು.

ಕ್ಯಾಂಟೀನಿನಲ್ಲಿ ಅದೇ ಕಟ್ಟಳೆ. ನಾಳೆ ಊಟಕ್ಕೆ ಎಷ್ಟು ತಲೆ ಅಂತ ಪ್ರತಿ ವಿಭಾಗದಿಂದ ಹಿಂದಿನ ದಿನ ಸಂಜೆ ನಾಲ್ಕರೊಳಗೆ ಚೀಟಿ ಬರಬೇಕು. ಆ ತಲೆಗಳಿಗೆ ಬಡಿಸಿದ್ದು ಲೆಕ್ಕ. ಉಳಿದು ವಾಪಸು ಬಂದದ್ದು ಹಿಂಬಾಗಿಲ ತೊಟ್ಟಿಗೆ. ಹಂದಿ ಸಾಕುವವನು ಬಂದು ಒಯ್ಯುತ್ತಿದ್ದ. ಉಳಿದದ್ದು ಲೆಕ್ಕಕ್ಕಿಲ್ಲ. ಆ ಅಡಿಗೆಮನೆಯಲ್ಲಿ ತಲೆ ನರೆತವಳಿಗೆ, ತೊಟ್ಟಿಗೆ ಹೋದದ್ದೂ ಊಟವೇ ಅಂತ ಹೊಳೆಯಲೇ ಇಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅವಳು ಬಿಡಲಿಲ್ಲ. "ಒಬ್ಬಳಿಗೆ ಇಷ್ಟೊಂದು ಯಾಕೆ ಉಳಿಯುತ್ತೆ?"

"ಎರಡು ಹಿಡಿ ಅಕ್ಕಿ. ನನ್ನ ಕೈ ಅಳತೆ. ಅದು ಯಾವತ್ತೂ ಎರಡೇ."

"ಯಾರ್ಯಾರಿಗೆ ಎರಡು?"

ನಾನು ಒಲೆ ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ. ಅವಳು ಹಿಂದಿನಿಂದ ಬಂದು ಬಟ್ಟೆ ಕಿತ್ತುಕೊಂಡಳು. ಮೂಗು ಕೆಂಪಗಾಗಿತ್ತು.

"ಬೆಳಿಗ್ಗೆ ಏನು ತಿಂದೆ?"

"ಚಹಾ."

"ನಿನ್ನೆ?"

"ನಾಯಿ ಡಾಕ್ಟರು ನಾಯಿದು ಕೇಳಿದಾಳೆ. ನನ್ನದಲ್ಲ" ಅಂದೆ.

ಹೊರಡುವಾಗ ಹದಿನೈದನೇ ತಾರೀಕನ್ನು ಮತ್ತೆ ನೆನಪಿಸಿದಳು. ಅಂಗಳದಲ್ಲಿ ಅವನಿಗೆ ಜಾಗ ಮಾಡಿಟ್ಟಾಗಿದೆಯಂತೆ.


ಜೂನ್ 23, ಸೋಮವಾರ

ಬೋಗುಣಿ ತೊಳೆದು ಅಟ್ಟಕ್ಕೆ ಹಾಕಿದೆ.

ಒಂದು ಹಿಡಿ ಅಕ್ಕಿ ಹಾಕಿದೆ. ಪಾತ್ರೆ ದೊಡ್ಡದಾಗಿ ತಳ ಹಿಡಿಯಿತು. ಐನೂರು ಜನಕ್ಕೆ ಮಾಡಿದಾಗ ಒಂದು ದಿನವೂ ಸೀಯಿಸಿದವಳಲ್ಲ. ಒಬ್ಬಳಿಗೆ ಮಾಡಲು ಬರುವುದಿಲ್ಲ.


ಜೂನ್ 26, ಗುರುವಾರ

ಎರಡು ದಿನದಿಂದ ಮೇಸ್ತ್ರಿ ಏನನ್ನೂ ಮುಟ್ಟಿಲ್ಲ. ಬೋಗುಣಿ ಇದ್ದ ಜಾಗ ಮೂಸಿ ಬರುತ್ತಾನೆ. ಆಮೇಲೆ ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂರುತ್ತಾನೆ, ಬಾಗಿಲ ಕಡೆ ನೋಡುತ್ತಾ. ಹೆದರಿಕೆಯಾಗಿ ಡಾಕ್ಟರಮ್ಮನಿಗೆ ಫೋನು ಮಾಡಿದೆ. ನೀರು ಕುಡೀತಾನಾ ಅಂದಳು. ಕುಡೀತಾನೆ ಅಂದೆ. ಇವತ್ತೂ ತಿನ್ನದಿದ್ದರೆ ನಾಳೆ ಕರ್ಕೊಂಡು ಬನ್ನಿ ಅಂದಳು. ಅಷ್ಟೇ ಅಲ್ಲ, "ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಜ್ಜೀ" ಅಂದಳು. ಇವಳಿಗೆ ಯಾರು ಕಿವಿ ಊದಿದರು ಅಂತ ನನಗೆ ಗೊತ್ತು.

ಮಧ್ಯಾಹ್ನ ಕ್ಯಾರೆಟ್ ಹೆಚ್ಚುವಾಗ ಒಂದು ತುಂಡು ಉರುಳಿ ಹೊಸ್ತಿಲ ಹತ್ತಿರ ಹೋಯಿತು. ಬಗ್ಗಿದವಳಿಗೆ ಮೊಣಕಾಲು ಹಿಡಿದುಕೊಂಡಿತು. ಏಳಲಾಗಲಿಲ್ಲ. ಸರಿ, ಕೂತದ್ದಾಯಿತು ಅಂತ ಅಲ್ಲೇ ಗೋಡೆಗೆ ಒರಗಿದೆ. ಅವನ ತಟ್ಟೆ ಪಕ್ಕದಲ್ಲಿತ್ತು. ಅವನಿಗೆ ಕುಂಬಳ ಬೇಯಿಸಿದ ಪಾತ್ರೆಯೂ ಕೈಗೆ ಎಟುಕುವ ಹಾಗಿತ್ತು. ಹಾಳಾದವನೇ, ಅದರಲ್ಲಿ ಏನಿದೆ ಅಂತ ಅಷ್ಟು ಹಠ ಮಾಡ್ತೀಯಾ ಅಂತ ಒಂದು ಹೋಳು ಬಾಯಿಗೆ ಹಾಕಿಕೊಂಡೆ.

ಅವನು ನನ್ನ ಬಾಯಿ ನೋಡಿದ. ಎದ್ದು ಬಂದ. ನನ್ನ ಪಕ್ಕ ನಿಂತು ತನ್ನ ತಟ್ಟೆಗೆ ಬಾಯಿ ಹಾಕಿದ. ನಾನು ಇನ್ನೊಂದು ಹೋಳು ತಿಂದೆ. ಅವನೂ ತಿಂದ. ಕುಂಬಳ, ಬೀನ್ಸು, ಎಲ್ಲ. ತಟ್ಟೆ ನೆಕ್ಕಿ ಟೈಲರಿನ ಕತ್ತರಿಯ ಹಾಗೆ ಹೊಳೆಯಿಸಿಟ್ಟ.

ಮರೆತೇಬಿಟ್ಟಿದ್ದೆ. ತಂಗಿ ಕೆಲಸ ಮುಗಿಸಿ ಬಂದು ಈ ಹೊಸ್ತಿಲ ಹತ್ತಿರವೇ ನೆಲಕ್ಕೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಳು. ಪಕ್ಕದಲ್ಲಿ ಅವನ ತಟ್ಟೆ. ಮೇಜು ಕುರ್ಚಿ ಇಲ್ವೇನೇ, ನಾಯಿ ಜೊತೆ ಸಹಪಂಕ್ತಿ ಭೋಜನ ಮಾಡ್ತೀಯಲ್ಲ ಅಂತ ದಿನಾ ಬೈಯುತ್ತಿದ್ದೆ. "ಒಬ್ಬನೇ ಉಣ್ಣೋಕೆ ಅವನಿಗೆ ಬೇಜಾರು, ಅಕ್ಕಾ" ಅನ್ನುತ್ತಿದ್ದಳು. ಇದನ್ನು ಎಲ್ಲಿ ಕಲಿತಳು ಅಂತ ಆಗ ನಾನು ಕೇಳಲಿಲ್ಲ.

ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು.


ಜುಲೈ 2, ಬುಧವಾರ

ಬೆಳಿಗ್ಗೆ: ಅವನಿಗೆ ಮೊಟ್ಟೆ ಅರ್ಧ, ಕ್ಯಾರೆಟ್. ಉಳಿದರ್ಧ ಮೊಟ್ಟೆ ನನಗೆ, ಬ್ರೆಡ್ಡಿನ ಜೊತೆ.
ಮಧ್ಯಾಹ್ನ: ಇಬ್ಬರಿಗೂ ಕೋಳಿ, ಬೀನ್ಸು, ಕುಂಬಳ. ನನ್ನದಕ್ಕೆ ಉಪ್ಪು, ಮೆಣಸು.
ರಾತ್ರಿ: ಅದೇ, ಅವನಿಗೆ ಕೋಳಿಯ ಬದಲು ಮುಳ್ಳು ತೆಗೆದ ಮೀನು.

ಇದನ್ನು ಮುಂದಿನ ಹಾಳೆಯಲ್ಲಿ ಬರೆಯುವ ಬದಲು ಇಲ್ಲಿ ಬರೆದುಬಿಟ್ಟೆ. ಮತ್ತೆ ಅಲ್ಲಿ ಬರೆಯಬೇಕು. ದುಪ್ಪಟ್ಟು ಕೆಲಸ.

ತಂಗಿಯ ಹಾಲು ಕಾಯಿಸುವ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಸರಿಯಾಗಿ ಬೇಯುತ್ತದೆ. ತಳ ಹಿಡಿಯುವುದಿಲ್ಲ. ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಹಿಡಿ ಸಡಿಲವಾಗಿತ್ತು, ಟೈಲರು ಸ್ಕ್ರೂ ಬಿಗಿ ಮಾಡಿಕೊಟ್ಟ.

ಕುಂಬಳ ಅಂಥ ಕೆಟ್ಟದ್ದೇನಲ್ಲ.


ಜುಲೈ 8, ಮಂಗಳವಾರ

ಮೇಸ್ತ್ರಿ ಎರಡನೇ ಮಹಡಿಯಲ್ಲಿ ಕೂರಲಿಲ್ಲ. ನನಗಾಗಿ ನಿಂತ. ನಾನು ಏದುಸಿರು ಬಿಡುತ್ತಾ ಕಂಬಿ ಹಿಡಿದು ಬಂದರೆ, ಕತ್ತು ಓರೆ ಮಾಡಿ ನೋಡಿದ. ಕೆಲಸ ಸರಿಯಾಗಲಿಲ್ಲ ಅನ್ನುವ ನೋಟ. ನಕ್ಕುಬಿಟ್ಟೆ. ಮೆಟ್ಟಿಲಲ್ಲಿ ಒಬ್ಬಳೇ ನಗುವುದನ್ನು ಕಂಡರೆ ಜನ ಏನೆಂದುಕೊಳ್ಳಬೇಕು.

ಅವನ ಪಟ್ಟಿಗೆ ಒಳಗಡೆ ಒಂದು ತೂತು ಹೊಡೆಸಿದೆ. ಹಾಗೇ ಟೈಲರಿಗೆ ಚೆನ್ನಾಗಿ ಬೈದೆ. ಅವನು ಒಳಗೆ ಹಿಡಿದುಕೊಟ್ಟ ಅಂಗಿ ತೋಳಿನ ಹತ್ತಿರ ಕಚ್ಚುತ್ತಿದೆ. ಕೆಲಸದ ಮೇಲೆ ನಿಗಾ ಇಲ್ಲ, ಅರ್ಧ ಇಂಚು ಜಾಸ್ತಿ ಹಿಡಿದಿದೀಯ ಅಂದೆ.

ಅವನು ಎದುರು ಮಾತಾಡಲಿಲ್ಲ. "ನಂದೇ ತಪ್ಪು ಅಕ್ಕಾ, ಕೊಡಿ, ಬಿಚ್ಚಿಕೊಡ್ತೀನಿ" ಅಂದ. ಹೊಲಿಗೆ ಬಿಚ್ಚುತ್ತಾ ಮೀಸೆಯೊಳಗೆ ನಗುತ್ತಿದ್ದ. ತಪ್ಪು ಮಾಡಿ ನಗುವವರನ್ನು ಕಂಡರೆ ನನಗಾಗುವುದಿಲ್ಲ.


ಜುಲೈ 15, ಮಂಗಳವಾರ

ಹದಿನೆಂಟು ಕಿಲೋ, ಎಂಬತ್ತು ಗ್ರಾಂ.

"ಸಾಕು ಅಜ್ಜೀ, ಒಂದು ಕಿಲೋ ಇಳಿದ ಹಾಗೇ" ಅಂದಳು ಡಾಕ್ಟರಮ್ಮ.

"ಇಳಿದ ಹಾಗೇ ಅಲ್ಲ. ಇಳಿದಿರಬೇಕು. ಪಟ್ಟಿ ಬಿಚ್ಚಿ ತೂಗು."

ಬಿಚ್ಚಿದರು. ಹದಿನೆಂಟಕ್ಕೆ ನಿಂತಿತು. ಪುಸ್ತಕದಲ್ಲಿ ಬರೆಸಿಕೊಂಡೆ, ಸಹಿ ಹಾಕಿಸಿಕೊಂಡೆ. ಇನ್ನೂ ನಾಲ್ಕು ಇಳಿಯಬೇಕು, ಅವಸರ ಬೇಡ, ಹೀಗೇ ನಡೆಸಿ ಅಂದಳು. ಏನು ಮಾಡಿದಿರಿ ಅಂತಲೂ ಕೇಳಿದಳು. ಏನಿಲ್ಲ, ಉಳಿಸುವುದನ್ನು ನಿಲ್ಲಿಸಿದೆ ಅಂದೆ.

ತಂಗಿಯ ಮಗಳಿಗೆ ಕೆಲಸವಿತ್ತಂತೆ, ಬರಲಾಗಲಿಲ್ಲ. ಫೋನಿನಲ್ಲಿ ತೂಕ ಹೇಳಿದೆ. "ಸರಿ ದೊಡ್ಡಮ್ಮ, ಬಂದು ನೋಡ್ತೀನಿ, ಯಾವತ್ತಾದರೂ" ಅಂದಳು. ಈ 'ಯಾವತ್ತಾದರೂ' ಅನ್ನುವುದು ನನಗೆ ಆಗಿಬರುವುದಿಲ್ಲ. ಅವರಮ್ಮನೂ ಹೀಗೇ ಅನ್ನುತ್ತಿದ್ದಳು. ಗಿರಣಿ ಮುಚ್ಚಿದ ಮೇಲೆ, ಯಾವತ್ತಾದರೂ ಇಬ್ಬರೂ ಹೋಗಿ ಆ ಹಿಂಬಾಗಿಲು ನೋಡಿಕೊಂಡು ಬರೋಣ ಅಕ್ಕಾ ಅಂತ. ಗೋದಾಮಿನವರು ಆ ಗೋಡೆಯನ್ನೇ ಕೆಡವಿದರು.

ಬಾಯಲ್ಲಿ ಹೇಳಿದರೆ ಆ ಹುಡುಗಿ ನಕ್ಕು ತೇಲಿಸುತ್ತಾಳೆ. ಬರೆದು ಕಳಿಸುತ್ತೇನೆ. ನಾಳೆ ಬೇರೆ ಹಾಳೆಯಲ್ಲಿ ನೆಟ್ಟಗೆ ಬರೆಯಬೇಕು. ಸದ್ಯ ಇಲ್ಲಿ:

ಮಗಳೇ, ನಾಯಿಯನ್ನು ಕೊಡುವುದಿಲ್ಲ. ಹೇಳಿದ ತೂಕ ಹೇಳಿದ ದಿನಕ್ಕೆ ಇಳಿದಿದೆ, ಆ ಮಾತು ಮುಗಿಯಿತು. ನಾನು ಕೇಳುತ್ತಿರುವುದು ಬೇರೆ. ಭಾನುವಾರ ಮಧ್ಯಾಹ್ನ ಅವನೂ ನಾನೂ ಹೊಸ್ತಿಲ ಹತ್ತಿರ ನೆಲಕ್ಕೆ ಕೂತು ಊಟ ಮಾಡುತ್ತೇವೆ. ಈ ವಾರದಿಂದ ಪ್ರತಿ ಭಾನುವಾರ ನೀನು ಬರುತ್ತೀಯೋ ಇಲ್ಲವೋ. ತಿಂದು ಬಂದಿದೀನಿ ಅನ್ನುವ ನೆಪ ನಡೆಯುವುದಿಲ್ಲ. ಅಕ್ಕಿ ಒಂದು ಹಿಡಿ ಹಾಕಬೇಕೋ ಎರಡೋ ನನಗೆ ಗೊತ್ತಾಗಬೇಕು. ಇನ್ನು ಮೇಲೆ ಈ ಮನೆಯಲ್ಲಿ ಉಳಿಯುವ ಹಾಗೆ ಅಡಿಗೆ ಮಾಡುವುದಿಲ್ಲ. ಬರುತ್ತೇನೆ, ಇಲ್ಲ ಬರುವುದಿಲ್ಲ, ಎರಡರಲ್ಲಿ ಒಂದು. ಹತ್ತೊಂಬತ್ತನೇ ತಾರೀಕು ಶನಿವಾರ, ಸಂಜೆ ನಾಲ್ಕರೊಳಗೆ ಉತ್ತರ ಬೇಕು.